ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಚಲಾಯಿಸುವ ಬಗೆ

ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳ ಪೈಕಿ 25ನ್ನು ಶಾಸಕರು, 25ನ್ನು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಚುನಾಯಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಉಳಿದ 14ರಲ್ಲಿ 7 ಶಿಕ್ಷಕರಿಗೆ, 7 ಪದವೀಧರರಿಗೆ ಮೀಸಲು. ಮೇಲ್ಮನೆಯ ವಿಷಯದಲ್ಲಿ ಸಾಮಾನ್ಯ ನಾಗರಿಕನ ಕೈಗೆ ನೇರವಾಗಿ ಸಿಗುವ ಅವಕಾಶವೆಂದರೆ ಹೆಚ್ಚುಕಡಿಮೆ ಈ ಕೊನೆಯ ಏಳು ಸ್ಥಾನಗಳೇ. ಆದರೆ ವಿಧಾನಸಭೆಗೆ ಮತ ಹಾಕಿದ ಅಭ್ಯಾಸವನ್ನೇ ನೆಚ್ಚಿಕೊಂಡು ಇಲ್ಲಿಗೆ ಬಂದವರು ಎರಡು ಕಡೆ ಎಡವುತ್ತಾರೆ: ಒಂದು ನೋಂದಣಿಯಲ್ಲಿ, ಇನ್ನೊಂದು ಮತಪತ್ರದ ಮೇಲೆ.

ಮೊದಲು ನೋಂದಣಿ. ನಿಮ್ಮ ಬಳಿ ಮತದಾರರ ಗುರುತಿನ ಚೀಟಿ ಇದ್ದರೂ, ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಅದರಿಂದ ಇಲ್ಲಿ ಹಕ್ಕು ಬರುವುದಿಲ್ಲ. ಪದವೀಧರ ಕ್ಷೇತ್ರದ ಪಟ್ಟಿಯೇ ಬೇರೆ. ಅದನ್ನು ಪ್ರತಿ ಚುನಾವಣೆಗೆ ಮುನ್ನ ಹೊಸದಾಗಿ ತಯಾರಿಸುವುದರಿಂದ, ಆರು ವರ್ಷದ ಹಿಂದೆ ಹೆಸರು ಸೇರಿಸಿದ್ದವರೂ ಮತ್ತೆ ಅರ್ಜಿ ಹಾಕಬೇಕು. ಅದಕ್ಕಿರುವುದು ನಮೂನೆ 18. ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19. ಅರ್ಜಿದಾರರು ಆ ಕ್ಷೇತ್ರದ ಸಾಮಾನ್ಯ ನಿವಾಸಿಗಳಾಗಿರಬೇಕು ಮತ್ತು ಪಟ್ಟಿ ತಯಾರಿ ಆರಂಭವಾಗುವ ವರ್ಷದ ನವೆಂಬರ್ 1ಕ್ಕೆ ಪದವಿ ಪಡೆದು ಕನಿಷ್ಠ 3 ವರ್ಷ ತುಂಬಿರಬೇಕು. ಈ ಮೂರು ವರ್ಷವನ್ನು ಘಟಿಕೋತ್ಸವದ ದಿನದಿಂದಲ್ಲ, ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ ಎಣಿಸುತ್ತಾರೆ. ಅಂಚಿನಲ್ಲಿರುವವರು ಇದನ್ನು ನೋಡಿಕೊಂಡರೆ ಒಳ್ಳೆಯದು.

ಅರ್ಜಿಯ ಜೊತೆ ಪದವಿ ಪ್ರಮಾಣಪತ್ರದ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಮತ್ತು ವಿಳಾಸದ ದಾಖಲೆ ಇರಲಿ. ಒಂದೇ ಮನೆಯವರ ಅರ್ಜಿಗಳನ್ನು ಒಬ್ಬರು ಒಟ್ಟಿಗೆ ಕೊಡಬಹುದು. ಯಾರೋ ಕಾರ್ಯಕರ್ತ ಊರಿನವರದೆಲ್ಲ ಸಂಗ್ರಹಿಸಿ ಕಟ್ಟುಗಟ್ಟಲೆ ತಂದು ಒಪ್ಪಿಸುವಂತಿಲ್ಲ. ಆದ್ದರಿಂದ ‘ನಿಮ್ಮ ಫಾರಂ ನಾವೇ ಹಾಕುತ್ತೇವೆ’ ಎಂಬ ಮಾತನ್ನು ನಂಬಿ ಕೂರುವ ಬದಲು ಖುದ್ದಾಗಿ ಸಲ್ಲಿಸಿ, ಸ್ವೀಕೃತಿ ಪಡೆದು, ಕರಡು ಪಟ್ಟಿ ಬಂದ ದಿನವೇ ಹೆಸರು ಹುಡುಕಿಕೊಳ್ಳುವುದು ಮೇಲು. ಬಿಟ್ಟುಹೋಗಿದ್ದರೆ ಆಕ್ಷೇಪಣೆಗೆ ಕೊಟ್ಟಿರುವ ಅವಧಿಯಲ್ಲೇ ಸರಿಪಡಿಸಿಕೊಳ್ಳಬೇಕು.

ಇನ್ನು ಮತದಾನ. ಇಲ್ಲಿ ಗುಂಡಿ ಒತ್ತುವ ಯಂತ್ರವಿಲ್ಲ, ಕಾಗದದ ಮತಪತ್ರವಿದೆ. ಮತಗಟ್ಟೆಯ ಅಧಿಕಾರಿ ಅದರ ಜೊತೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಜೇಬಿನ ಪೆನ್ನನ್ನು ಹೊರಗೆ ತೆಗೆಯಲೇಬೇಡಿ. ನಿಮಗೆ ಎಲ್ಲರಿಗಿಂತ ಮೆಚ್ಚಿನ ಅಭ್ಯರ್ಥಿಯ ಹೆಸರಿನ ಮುಂದಿನ ಮನೆಯಲ್ಲಿ 1 ಎಂದು ಬರೆಯಿರಿ. ಕನ್ನಡದ ೧ ಬರೆದರೂ ಸಿಂಧುವೇ, ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಆಮೇಲೆ 2, 3 ಎಂದು ಪ್ರಾಶಸ್ತ್ಯ ಕೊಡುತ್ತಾ ಹೋಗಬಹುದು. ಅದು ಕಡ್ಡಾಯವಲ್ಲ, 1 ಮಾತ್ರ ಕಡ್ಡಾಯ. ಸರಿ ಗುರುತು ಹಾಕಿದರೆ, 1ನ್ನು ಇಬ್ಬರ ಮುಂದೆ ಬರೆದರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೆ, ಅಂಕಿ ಎರಡು ಮನೆಗಳ ಗೆರೆಯ ಮೇಲೆ ಕೂತು ಯಾರಿಗೆಂದು ತಿಳಿಯದಿದ್ದರೆ, ಅಥವಾ ಅಡಿಯಲ್ಲಿ ಅಭ್ಯಾಸಬಲದಿಂದ ಸಹಿ ಹಾಕಿಬಿಟ್ಟರೆ ಆ ಮತ ತಿರಸ್ಕೃತ. ಓದಿದವರ ಕ್ಷೇತ್ರದಲ್ಲಿ ಪ್ರತಿ ಸಲವೂ ಇಂಥ ಮತಪತ್ರಗಳು ಎಣಿಕೆಯ ಮೇಜಿನ ಮೇಲೆ ಬೇರೆಯೇ ಕಟ್ಟಾಗಿ ಬೀಳುತ್ತವೆ ಎಂಬುದು ಸ್ವಲ್ಪ ಮುಜುಗರದ ಸಂಗತಿ.

ಎರಡನೇ ಪ್ರಾಶಸ್ತ್ಯ ಬರೆದರೆ ಮೆಚ್ಚಿನ ಅಭ್ಯರ್ಥಿಗೆ ಹಾನಿ ಎಂದು ಪ್ರಚಾರದಲ್ಲಿ ಹೇಳುವುದುಂಟು. ಇದು ತಪ್ಪು, ಎಣಿಕೆಯ ಕ್ರಮ ನೋಡಿದರೆ ಕಾರಣ ತಿಳಿಯುತ್ತದೆ. ಸಿಂಧು ಮತಗಳನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲುವಿನ ಕೋಟಾ ಸಿಗುತ್ತದೆ. 20,000 ಸಿಂಧು ಮತಗಳಿದ್ದರೆ ಕೋಟಾ 10,001. ಮೊದಲ ಪ್ರಾಶಸ್ತ್ಯದಲ್ಲಿ ‘ಅ’ಗೆ 8,500, ‘ಆ’ಗೆ 7,000, ‘ಇ’ಗೆ 4,500 ಬಂದಿವೆ ಎನ್ನೋಣ. ಯಾರೂ ಕೋಟಾ ಮುಟ್ಟದ ಕಾರಣ ಕೊನೆಯ ‘ಇ’ ಕಣದಿಂದ ಹೊರಬೀಳುತ್ತಾರೆ, ಅವರ ಮತಪತ್ರಗಳಲ್ಲಿ 2 ಎಂದು ಬರೆದಿರುವವರಿಗೆ ಆ ಮತಗಳು ಹೋಗುತ್ತವೆ. ಅವುಗಳಲ್ಲಿ 1,200 ‘ಅ’ಗೆ, 3,100 ‘ಆ’ಗೆ ಸೇರಿದರೆ ‘ಆ’ 10,100 ಮುಟ್ಟಿ ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಮುಂದಿದ್ದ ‘ಅ’ 9,700ಕ್ಕೆ ನಿಲ್ಲುತ್ತಾರೆ. ‘ಇ’ಗೆ ಮತ ಹಾಕಿದವರ 2 ಅವರು ಹೊರಬಿದ್ದ ಮೇಲಷ್ಟೇ ತೆರೆದುಕೊಂಡಿತು. ಬರೀ 1 ಬರೆದಿದ್ದ ಉಳಿದ 200 ಮಂದಿಯ ಮತಗಳು ಮಾತ್ರ, ‘ಅ’ ಮತ್ತು ‘ಆ’ ನಡುವೆ ತೀರ್ಮಾನವಾಗುವ ಹೊತ್ತಿಗೆ, ಯಾರ ಲೆಕ್ಕಕ್ಕೂ ಸೇರದೆ ಪಕ್ಕಕ್ಕುಳಿದವು.