ರಾಸಾಯನಿಕಕ್ಕೆ ಜಗ್ಗದ ಕಾಂಕ್ರೀಟ್ ಮಾಡುವುದು ಹೇಗೆ?

ಕಾಂಕ್ರೀಟ್ ನೋಡಲು ಕಲ್ಲಿನಷ್ಟು ಗಟ್ಟಿ. ಆದರೆ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮಣ್ಣು, ನೀರಿನಲ್ಲಿರುವ ಸಲ್ಫೇಟ್, ಕ್ಲೋರೈಡ್ ಎಂಬ ಲವಣಗಳೆರಡೂ ನೀರಿನ ಜೊತೆ ಇದೇ ದಾರಿಯಲ್ಲಿ ನುಗ್ಗುತ್ತವೆ. ಆ ದಾರಿ ಮುಚ್ಚುವುದೇ ಮುಖ್ಯ ಕೆಲಸ.

ಮೊದಲು ಕಟ್ಟುವ ಜಾಗದ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸುಮ್ನೆ, ಗುಣ ಬದಲಿಸಲು ಕಾಂಕ್ರೀಟಿಗೆ ಬೆರೆಸುವ ಯಾವುದೋ ಅಡ್‌ಮಿಕ್ಸ್ಚರ್ ತಂದು ಸುರಿದರೆ ದುಡ್ಡು ದಂಡ. ಸಲ್ಫೇಟ್ ಸಿಮೆಂಟಿನ ಜೊತೆ ಸೇರಿ ಎಟ್ರಿಂಗೈಟ್ ಎಂಬ ಹರಳಾಗುತ್ತದೆ, ಹಿಗ್ಗಿ ಕಾಂಕ್ರೀಟನ್ನೇ ಸೀಳುತ್ತದೆ. ಕ್ಲೋರೈಡ್ ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ಆಮ್ಲ ಮೇಲ್ಮೈಯಿಂದಲೇ ಕರಗಿಸುತ್ತಾ ಬರುತ್ತದೆ.

ಈಗ ಮಿಕ್ಸ್‌ಗೆ ಹಾಕುವ ನೀರು ಕಡಿಮೆ ಮಾಡಿ. ಒಂದು ಕಿಲೋ ಸಿಮೆಂಟಿಗೆ 0.45 ಲೀಟರ್ ದಾಟಬಾರದು, 0.40 ಆದರೆ ಇನ್ನೂ ಒಳ್ಳೆಯದು. ಇಷ್ಟು ಕಡಿಮೆ ನೀರಲ್ಲಿ ಮಿಕ್ಸ್ ಬಿರುಸಾಗುತ್ತೆ ಅಲ್ವಾ? ಅದಕ್ಕೇ ನೀರು ಹೆಚ್ಚಿಸದೆ ಮಿಕ್ಸನ್ನು ಸಡಿಲ ಮಾಡುವ ಸೂಪರ್‌ಪ್ಲಾಸ್ಟಿಸೈಜರ್. ನೀರಿನ ಹೆಚ್ಚಿನ ಪಾಲನ್ನು ಮೊದಲೇ ಹಾಕಿ ಕಲಸಿ, ಉಳಿದ ನೀರಿನಲ್ಲಿ ಅದನ್ನು ಬೆರೆಸಿ ಕೊನೆಗೆ ಹಾಕಿ. ಉಂಡೆ ಉಂಡೆಯಾಗಿದ್ದ ಮಿಕ್ಸ್ ಸ್ವಲ್ಪ ಹೊತ್ತಿನಲ್ಲೇ ಹೊಳಪು ಬಂದು ಸಡಿಲವಾಗುತ್ತದೆ. ನೀರು ಮೇಲೆ ತೇಲಿ ಜಲ್ಲಿ ತಳಕ್ಕೆ ಕೂತರೆ ಡೋಸ್ ಜಾಸ್ತಿಯಾಗಿದೆ ಎಂದರ್ಥ. ಹಾಗಾಗಿ ಸಣ್ಣ ಟ್ರಯಲ್ ಮಿಕ್ಸ್ ಮಾಡದೆ ದೊಡ್ಡ ಕೆಲಸಕ್ಕೆ ಕೈಹಾಕಲೇಬೇಡಿ.

ಆಮೇಲೆ ಪುಡಿಗಳು. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಸುಣ್ಣ ಉಳಿಯುತ್ತದೆ. ರಾಸಾಯನಿಕಗಳು ಮೊದಲು ಹಿಡಿಯುವುದು ಅದನ್ನೇ. ಫ್ಲೈ ಆ್ಯಶ್, (ಕಲ್ಲಿದ್ದಲು ಉರಿದ ಹಾರುಬೂದಿ), ಸಿಲಿಕಾ ಫ್ಯೂಮ್ (ಸಿಲಿಕಾನ್ ಕುಲುಮೆಯ ಹೊಗೆಯಿಂದ ಸಿಗುವ ನುಣ್ಣನೆ ಪುಡಿ) ಆ ಸುಣ್ಣವನ್ನು ಬಳಸಿಕೊಂಡು ಹೊಸ ಅಂಟು ಕಟ್ಟುತ್ತವೆ, ರಂಧ್ರವೂ ಕಿರಿದಾಗುತ್ತದೆ. ಸಲ್ಫೇಟ್ ಇರುವಲ್ಲಿ ಸಿಮೆಂಟಿನ ಶೇ 25ರಿಂದ 30ರಷ್ಟನ್ನು ತೆಗೆದು ಫ್ಲೈ ಆ್ಯಶ್ ಹಾಕಬಹುದು. ಆದರೆ ಕ್ಯಾಲ್ಸಿಯಂ ಕಡಿಮೆ ಇರುವ ಬಗೆಯೇ ಆಗಬೇಕು. ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಆದರೆ ಶೇ 50 ದಾಟಿದರೂ ಸರಿ. ಸಿಲಿಕಾ ಫ್ಯೂಮ್ ಶೇ 5ರಿಂದ 10 ಸಾಕು. ಅದರ ಕಣ ಸಿಮೆಂಟಿನ ಕಣಕ್ಕಿಂತ ಸುಮಾರು 100 ಪಟ್ಟು ಸಣ್ಣದು. ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ. ಮೆಗ್ನೀಸಿಯಂ ಸಲ್ಫೇಟ್ ಇದ್ದರೆ ಮಾತ್ರ ಸಿಲಿಕಾ ಫ್ಯೂಮ್ ಒಂದನ್ನೇ ನಂಬಬೇಡಿ.

ಕ್ಲೋರೈಡ್ ಕಾಟಕ್ಕೆ ಕ್ಯಾಲ್ಸಿಯಂ ನೈಟ್ರೈಟ್ ಸೇರಿಸುತ್ತಾರೆ. ಅದು ಕಂಬಿಯನ್ನು ಕಾಯುತ್ತದೆ. ಕಾಂಕ್ರೀಟ್ ಬೇಗ ಸೆಟ್ ಆಗುವಂತೆಯೂ ಮಾಡುತ್ತದೆ, ಹಾಗಾಗಿ ಸುರಿಯುವ ತಯಾರಿ ಮೊದಲೇ ಇರಲಿ. ಕಡು ಆಮ್ಲ ಬೀಳುವ ಜಾಗಕ್ಕೆ ಯಾವ ಅಡ್‌ಮಿಕ್ಸ್ಚರೂ ಸಾಲದು, ಮೇಲೆ ಎಪಾಕ್ಸಿಯಂಥ ಲೇಪನ ಬೇಕೇ ಬೇಕು.

ಕೊನೆಗೆ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು. ಫ್ಲೈ ಆ್ಯಶ್, ಸ್ಲ್ಯಾಗ್ ನಿಧಾನಕ್ಕೆ ಕೆಲಸ ಮಾಡುತ್ತವೆ. 7 ದಿನಕ್ಕೆ ನಿಲ್ಲಿಸದೆ 14 ದಿನ ಒದ್ದೆಯಾಗಿಡಿ. 28ನೇ ದಿನದ ಬಲ ಸ್ವಲ್ಪ ಕಡಿಮೆ ಬಂತೆಂದು ಗಾಬರಿ ಬೇಡ, 56ನೇ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.