ಹಡ್ಲಿನ ಮೇಲೊಂದು ಮರದ ದಾರಿ: ಮಳೆಗಾಲಕ್ಕೆ ಮುಂಚೆ ಕಟ್ಟಿಕೊಳ್ಳುವುದು ಹೇಗೆ?

ಮಲೆನಾಡಿನಲ್ಲಿ ಮನೆಯಿಂದ ತೋಟಕ್ಕೆ ಹೋಗಬೇಕೆಂದರೆ ನಡುವೆ ಒಂದು ಹಡ್ಲು, ಅಂದರೆ ಜೌಗು ನೆಲ, ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಅಲ್ಲಿ ದನ ಮೇಯುತ್ತವೆ. ಆರಿದ್ರಾ ಮಳೆ ಹಿಡಿದು ಜಲ ಒಡೆದ (ನೆಲದಿಂದ ಒರತೆ ಎದ್ದ) ಮೇಲೆ ಮೊಣಕಾಲುದ್ದ ಕೆಸರು. ಜೆಸಿಬಿ ತರಿಸಿ ಮಣ್ಣು ತುಂಬಿಸೋಣ ಎನ್ನುವವರೇ ಜಾಸ್ತಿ. ಆದರೆ ಮಣ್ಣಿನ ಏರಿ ಹಾಕಿದರೆ ನೀರು ಹೋಗಲು ದಾರಿಯಿಲ್ಲದೆ ಮೇಲ್ಗಡೆ ನಿಲ್ಲುತ್ತದೆ, ಅಲ್ಲಿರುವ ಅಡಿಕೆ ಬುಡಕ್ಕೆ ಶೀತ ಹೊಡೆಯುತ್ತದೆ, ಮಳೆ ಜೋರಾದರೆ ಸುರಿದ ಮಣ್ಣೂ ಕೆಸರಾಗಿ ಕೂರುತ್ತದೆ. ನೀರನ್ನು ಅದರ ಪಾಡಿಗೆ ಬಿಟ್ಟು ನಾವು ಒಂದೆರಡು ಅಡಿ ಮೇಲೆ ನಡೆಯುವುದೇ ವಾಸಿ.

ಹಳ್ಳ ದಾಟುವ ಕಾಲುಸಂಕದ ವಿಷಯ ಬೇರೆ, ಅದನ್ನು ಇಲ್ಲಿ ಹೇಳುತ್ತಿಲ್ಲ. ಹರಿಯುವ ನೀರಿನ ಸೆಳೆತದ ಲೆಕ್ಕವೇ ಬೇರೆ. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳ ಇದ್ದರೆ ನೀವೇ ಕಟ್ಟಲು ಹೋಗಬೇಡಿ, ಪಂಚಾಯಿತಿಗೆ ಅರ್ಜಿ ಕೊಡಿ. ಸರ್ಕಾರ ಶಾಲಾ ಸಂಪರ್ಕ ಸೇತು ಯೋಜನೆ ತಂದಿದ್ದೇ ಅದಕ್ಕೆ. ಇಲ್ಲಿ ಹೇಳುವುದು ನಿಂತ ನೀರು, ಒರತೆ, ಕೆಸರು ಇರುವ ಜಾಗಕ್ಕೆ ಮಾತ್ರ.

ಮರ ಲಡ್ಡಾಗುವುದು (ಕೊಳೆಯುವುದು) ಎಲ್ಲಿ?

ಕೆಲಸ ಶುರು ಮಾಡುವ ಮುಂಚೆ ಹಳೇ ಬೇಲಿಯ ಗೂಟ ಒಂದನ್ನು ಕಿತ್ತು ನೋಡಿ. ಮೇಲಿನ ಭಾಗ ಗಟ್ಟಿ ಇರುತ್ತದೆ. ಆಳದಲ್ಲಿದ್ದ ತುದಿಯೂ ಎಷ್ಟೋ ಸಲ ಗಟ್ಟಿಯೇ. ಮಣ್ಣಿನ ಮಟ್ಟದಲ್ಲಿ ಒಂದು ಗೇಣು ಜಾಗ ಮಾತ್ರ ಸೊರಗಿ, ಕಪ್ಪಾಗಿ, ಚಾಕು ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುವಷ್ಟು ಮೆತ್ತಗಾಗಿರುತ್ತದೆ. ಮರ ತಿನ್ನುವ ಬೂಸಿಗೆ ನೀರೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ, ಪೂರ್ತಿ ಮುಳುಗಿದ ಮರದಲ್ಲಿ ಗಾಳಿ ಸಿಗದೆ ಸುಮ್ಮನಿರುತ್ತದೆ. ಎರಡೂ ಸಿಗುವುದು ಮಣ್ಣು ಮುಟ್ಟುವ ಆ ಒಂದು ಗೇಣಿನಲ್ಲಿ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಕ್ರಿ.ಪೂ. 3807-06ರಲ್ಲಿ ಜೌಗಿನ ಮೇಲೆ ಹಾಕಿದ ಓಕ್ ಹಲಗೆಯ ಕಾಲುದಾರಿಯೊಂದು 1970ರಲ್ಲಿ ಸಿಕ್ಕಿತು. ಅದಕ್ಕೆ ಸ್ವೀಟ್ ಟ್ರ್ಯಾಕ್ ಎಂದು ಹೆಸರು. ಗಾಳಿಯಾಡದ ಕೆಸರಿನಲ್ಲಿ ಹೂತು ಹೋಗಿದ್ದಕ್ಕೇ ಇಷ್ಟು ಸಾವಿರ ವರ್ಷ ಉಳಿದಿದೆ. ಅಂದರೆ ನಾವು ನೆನಪಿಡಬೇಕಾದ್ದು ಇಷ್ಟೇ: ಮರ ಒಂದೋ ಪೂರ್ತಿ ಮೇಲಿರಲಿ, ಇಲ್ಲಾ ಪೂರ್ತಿ ಕೆಳಗಿರಲಿ, ನಡುವಿನ ಜಾಗದಲ್ಲಿ ಕಲ್ಲು ಇರಲಿ.

ಮಳೆಗಾಲದಲ್ಲಿ ಅಳತೆ, ಬೇಸಿಗೆಯಲ್ಲಿ ಕೆಲಸ

ಪುಷ್ಯ, ಆಶ್ಲೇಷ ಮಳೆ ಜೋರಾಗಿ ಹೊಡೆಯುವಾಗ ಛತ್ರಿ ಹಿಡಿದು ಹೋಗಿ, ನೀರು ಎಲ್ಲಿವರೆಗೆ ಏರಿದೆ ಎಂದು ಹತ್ತಿರದ ಮರಕ್ಕೆ ಒಂದು ಬಟ್ಟೆ ಕಟ್ಟಿ ಬನ್ನಿ. ಕಂಬದ ಮೇಲೆ ಕೂರಿಸುವ ನಿಮ್ಮ ತೊಲೆ ಅದಕ್ಕಿಂತ ಒಂದು ಅಡಿ ಮೇಲಿರಬೇಕು. ಆಗುಂಬೆ, ಹುಲಿಕಲ್ ಕಡೆಯವರಾದರೆ ಇನ್ನೂ ಅರ್ಧ ಅಡಿ ಜಾಸ್ತಿ ಇಟ್ಟುಕೊಳ್ಳಿ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಊರಲ್ಲಿ ಜಿಪುಣತನ ಬೇಡ. ಬೇಸಿಗೆಯಲ್ಲಿ ಬಂದು ನೋಡಿ ಅಂದಾಜು ಮಾಡಿದ ಎತ್ತರ ಯಾವತ್ತೂ ಕಡಿಮೆಯೇ ಆಗುತ್ತದೆ.

ಕೆಸರಿನ ಆಳ ನೋಡಲು ಹಾರೆ ಸಾಕು. ನೆಟ್ಟಗೆ ನಿಲ್ಲಿಸಿ ಮೈಭಾರ ಹಾಕಿ ಒತ್ತಿ. ಮೊದಲು ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತದೆ, ಆಮೇಲೆ ಒಂದು ಕಡೆ ತಡೆಯುತ್ತದೆ, ಕೊನೆಗೆ ಮೊರಮು (ಗಟ್ಟಿ ಗರಸು ಮಣ್ಣು) ಸಿಕ್ಕಾಗ ಕರಕ್ ಎಂದು ಕೈಗೆ ಗೊತ್ತಾಗುತ್ತದೆ. ಹಾರೆ ಎತ್ತಿದರೆ ಕೆಸರು ಎಲ್ಲಿವರೆಗೆ ಹತ್ತಿದೆಯೋ ಅದೇ ಆಳ. ಐದೈದು ಅಡಿಗೆ ಒಮ್ಮೆ ಹೀಗೆ ಚುಚ್ಚುತ್ತಾ ಹೋಗಿ, ಪ್ರತಿ ಜಾಗಕ್ಕೂ ಒಂದು ಕಡ್ಡಿ ನೆಡಿ. ನೇರ ದಾರಿ ಬಿಟ್ಟು ಸ್ವಲ್ಪ ಸುತ್ತಿದರೆ ಗಟ್ಟಿ ನೆಲ ಸಿಗುತ್ತದೆ ಎಂದಾದರೆ ಸುತ್ತಿಯೇ ಹೋಗಿ.

ಮರ ಯಾವುದು?

ಮತ್ತಿ, ಹೊನ್ನೆ, ಜಂಬೆ, ಹೆಬ್ಬಲಸು ಚೆನ್ನಾಗಿ ಬಾಳುತ್ತವೆ. ಆದರೆ ಸ್ವಂತ ಜಮೀನಿನಲ್ಲೇ ಇದ್ದರೂ ಕಾಡುಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಸಾಮಿಲ್‌ನಲ್ಲಿ ಅಕೇಶಿಯಾ ಕೊಯ್ಸುವುದು ಸುಲಭದ ದಾರಿ. ಅದರಲ್ಲೂ ಚೇಗು (ಒಳಗಿನ ಗಟ್ಟಿ ಭಾಗ) ಮಾತ್ರ ತೆಗೆದುಕೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ, ಒರಲೆ ಬೇಗ ಹಿಡಿಯುತ್ತದೆ. ಸಿಲ್ವರ್ ಓಕ್ ಬೇಡವೇ ಬೇಡ.

ನಡೆಯುವ ಹಾಸು ಹಾಕಲು, ಬಿದ್ದ ಅಡಿಕೆ ಮರ ಸೀಳಿದ ದಬ್ಬೆ ಆಗುತ್ತದೆ, ಒಳಗಿನ ಮೆತ್ತನೆ ತಿರುಳನ್ನು ಕತ್ತಿಯಲ್ಲಿ ಪೂರ್ತಿ ಹೆರೆದು ತೆಗೆಯಬೇಕು, ಯಾಕೆಂದರೆ ನೀರು ಹೀರಿಕೊಳ್ಳುವುದೇ ಅದು. ದಬ್ಬೆ ಒಂದೆರಡು ಮಳೆಗಾಲಕ್ಕೆ ಹೋಗುತ್ತದೆ, ನಿಜ. ಆದರೆ ಮನೆಯಲ್ಲೇ ಇರುವ ಮಾಲು, ಬದಲಿಸಿದರಾಯ್ತು, ಅಲ್ವಾ?

ಕಂಬ, ತೊಲೆ

ಕಂಬಕ್ಕೆ ಕಲ್ಲುಕಂಬ ಬೆಸ್ಟ್. ಮೊರಮು ಸಿಗುವವರೆಗೆ ಇಳಿಸಿ, ಬುಡಕ್ಕೆ ಕಲ್ಲುಚೂರು ಗಿಡಿದು ಬಿಗಿ ಮಾಡಿ. ಸಿಮೆಂಟ್ ಸುರಿಯುವ ಅಗತ್ಯವಿಲ್ಲ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ಐದು ಅಡಿ ಅಂತರ, ಜೋಡಿಯ ಒಳಗೆ ಎರಡು ಅಡಿ. ತಲೆಹೊರೆ ಹೊತ್ತು ಓಡಾಡುವ ದಾರಿಯಾದರೆ ಹಾಸು ಎರಡೂವರೆ ಅಡಿ ಅಗಲ ಇರಲಿ. ಕೈಗಾಡಿ ತಳ್ಳುವುದಿದ್ದರೆ ಮೂರು.

ಹಾರೆ ಪೂರ್ತಿ ಇಳಿದರೂ ಮೊರಮು ಸಿಗದ ಹುದಲಿನಲ್ಲಿ ಕಂಬ ನಿಲ್ಲುವುದಿಲ್ಲ. ಅಲ್ಲಿ ಕೆಸರಿನ ಮೇಲೆಯೇ ಅಗಲವಾದ ದಿಮ್ಮಿಯನ್ನು ಅಡ್ಡಡ್ಡ ಮಲಗಿಸಿ, ಅದರ ಮೇಲೆ ಜಂಬಿಟ್ಟಿಗೆ ಕಲ್ಲು ಏರಿಸಿ ತೊಲೆ ಕೂರಿಸಿ. ಭಾರ ಅಗಲಕ್ಕೆ ಹಂಚಿಹೋಗುವುದರಿಂದ ಇಳಿಯುವುದು ಕಡಿಮೆ. ದಿಮ್ಮಿ ವರ್ಷವಿಡೀ ಕೆಸರಲ್ಲಿ ಮುಳುಗಿದ್ದರಂತೂ ಚಿಂತೆಯೇ ಇಲ್ಲ. ಕಲ್ಲು ಹೊತ್ತು ತರಲಾಗದ ಕಡೆ ಆ ಸಾಮರ್ಸೆಟ್‌ನವರು ಮಾಡಿದ ಹಾಗೆಯೇ ಎರಡು ಗೂಟಗಳನ್ನು ಕತ್ತರಿಯಾಕಾರದಲ್ಲಿ ನೆಟ್ಟು, ಮೇಲಿನ ಕವೆಯಲ್ಲಿ ಹಲಗೆ ಕೂರಿಸಬಹುದು, ಆದರೆ ಗೂಟ ಆಗಾಗ ಬದಲಿಸಬೇಕು.

ತೊಲೆ 3 ಇಂಚು x 4 ಇಂಚಿನದ್ದು ಸಾಕು. ಅದನ್ನು ಮಲಗಿಸಬೇಡಿ, 4 ಇಂಚಿನ ಕಡೆ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ. ತೊಲೆಯ ಎತ್ತರ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ 8 ಪಟ್ಟಾಗುತ್ತದೆ, ಅಗಲ ಎರಡು ಪಟ್ಟಾದರೆ ಬರೀ ಎರಡೇ ಪಟ್ಟು. ಕಲ್ಲಿನ ತಲೆಯ ಮೇಲೆ ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು ಕೆತ್ತಿಸಿ. ಎಲ್ಲ ಕಂಬದ ಮಟ್ಟ ನೋಡಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು.

ಹಾಸು ಹಾಕುವುದು

ಹಲಗೆಯನ್ನು ದಾರಿಯುದ್ದಕ್ಕೆ ಹಾಕಬೇಡಿ, ಅಡ್ಡಡ್ಡ ಹಾಕಿ, ಕಾಲಿಗೆ ಹಿಡಿತ ಸಿಗುತ್ತದೆ. ಹಲಗೆ ಹಲಗೆ ನಡುವೆ ಅರ್ಧ ಇಂಚು ಸಂದು ಇರಲೇಬೇಕು. ಒತ್ತಾಗಿ ಕೂರಿಸಿದ ಹಾಸು ನೋಡಲು ಚೆಂದ, ಆದರೆ ಸಂದಿನಲ್ಲಿ ತರಗೆಲೆ ಸೇರಿ ಕೊಳೆತು ಮೊದಲು ಲಡ್ಡಾಗುವುದೂ ಅದೇ. ಮೊಳೆ ಹೊಡೆಯುವ ಮುಂಚೆ ಬೈರಿಗೆಯಲ್ಲಿ ತೂತು ಹಾಕಿಕೊಂಡರೆ ತುದಿ ಸೀಳುವುದಿಲ್ಲ. ಜಿಐ ಮೊಳೆಯೇ ತನ್ನಿ. ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತ ಉಳಿದಿದೆ ಎಂದು ಮರಕ್ಕೆ ಬಳಿಯುವವರಿದ್ದಾರೆ, ಅದು ಬೂಸು ತಡೆಯುತ್ತದೆ ನಿಜ, ಆದರೆ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ, ಮಳೆಗೆ ತೊಳೆದು ಹಡ್ಲಿಗೂ ಸೇರುತ್ತದೆ. ಹಳೇ ಇಂಜಿನ್ ಆಯಿಲ್ ಕೂಡ ಬೇಡ, ಕೆಳಗಿನ ಗದ್ದೆಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಬರುತ್ತದೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು ಚೆನ್ನಾಗಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಗ್ಯಾರಂಟಿ.

ಜಾರುವುದೇ ದೊಡ್ಡ ತಲೆನೋವು. ಬಿಸಿಲು ಬೀಳದ ಕಡೆ ಹಾವಸೆ (ಪಾಚಿ) ಕಟ್ಟಿ, ಗಂಬೂಟು ಹಾಕಿದವರೂ ಅಂಗಾತ ಬೀಳುತ್ತಾರೆ. ಕೋಳಿ ಗೂಡಿಗೆ ಹಾಕುವ ಜಾಲರಿಯನ್ನು ಹಾಸಿನ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆಯಿರಿ, ಅಂಚನ್ನು ಕೆಳಕ್ಕೆ ಮಡಚಿ, ಬರಿಗಾಲಿಗೆ ತಂತಿ ಚುಚ್ಚಬಾರದು. ಒಂದು ಬದಿಗೆ ಸೊಂಟದೆತ್ತರಕ್ಕೆ ಬಿದಿರಿನ ಗಳ ಕಟ್ಟಿದರೆ ವಯಸ್ಸಾದವರಿಗೆ ಅನುಕೂಲ. ಬಲಿತ ಬಿದಿರನ್ನು ಕಡಿದು ಕೆಲವು ವಾರ ಹರಿಯುವ ನೀರಲ್ಲಿ ನೆನೆಹಾಕಿ ಬಳಸಿದರೆ ಕುಟ್ಟೆ ಹಿಡಿಯುವುದು ಕಡಿಮೆ.

ಒಂದು ಎಚ್ಚರಿಕೆ. ನಿಮ್ಮ ಜೌಗಿನಲ್ಲಿ ರಾಮಪತ್ರೆ ಜಾತಿಯ ಮರಗಳಿದ್ದು, ನೆಲದಿಂದ ಮಡಚಿದ ಮೊಣಕಾಲಿನಂತಹ ಬೇರು ಎದ್ದಿದ್ದರೆ ಅಲ್ಲಿ ಕೈ ಹಾಕಬೇಡಿ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇರುವಂಥ ಜಡ್ಡಿ (ಕಾಡಿನ ಜೌಗು) ಅದು. ಆ ಬೇರುಗಳೇ ಮರಕ್ಕೆ ಉಸಿರಾಟದ ದಾರಿ. ಕಂಬ ನೆಡುವುದೂ ಬೇಡ, ಮಣ್ಣು ಹಾಕುವುದೂ ಬೇಡ, ದಾರಿಯನ್ನೇ ಬೇರೆ ಕಡೆಗೆ ತಿರುಗಿಸಿ.

ದೀಪಾವಳಿ ಕಳೆದ ಮೇಲೆ ಒಮ್ಮೆ ಚಾಕು ಹಿಡಿದು ತೊಲೆಯ ತುದಿಗಳನ್ನು ಚುಚ್ಚಿ ನೋಡುತ್ತಾ ಬನ್ನಿ. ಮಳೆಗಾಲದಲ್ಲಿ ಆಗಾಗ ಕಡ್ಡಿಪೊರಕೆ, ಮರಳು ಹಾಕಿ ತಿಕ್ಕಿದರೆ ಹಾವಸೆ ಹೋಗುತ್ತದೆ, ಬ್ಲೀಚಿಂಗ್ ಪೌಡರ್ ಬೇಡ. ಹಲಗೆ ಕೊಯ್ಸುವಾಗಲೇ ನಾಲ್ಕು ಜಾಸ್ತಿ ಕೊಯ್ಸಿ ಅಟ್ಟದಲ್ಲಿ ಇಟ್ಟಿರಿ. ಆಷಾಢದ ಮಳೆಯಲ್ಲಿ ಒಂದು ಹಲಗೆಗೋಸ್ಕರ ಸಾಮಿಲ್‌ಗೆ ಅಲೆಯುವ ಫಜೀತಿ ತಪ್ಪುತ್ತದೆ.