ಎರಡಡಿ ಮೀನಿನ ತೊಟ್ಟಿಗೆ ಅಗ್ಗದ ಲೈಟ್

ಸಣ್ಣ ಅಕ್ವೇರಿಯಂಗೆ ಲೈಟ್ ಬೇಕಿದ್ದರೆ ರೆಡಿಮೇಡ್ ಕೊಳ್ಳಬೇಡಿ, ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ಉಳಿದಿರುವ ಅಲ್ಯೂಮಿನಿಯಂ ತುಂಡು ಕೇಳಿ ತಂದು ಅದರೊಳಗೆ 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ ಎರಡು ಸಾಲು ಅಂಟಿಸಿ. ಅಲ್ಯೂಮಿನಿಯಂ ಬಿಸಿಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಎಲ್‌ಇಡಿ ಬೇಗ ಮಂಕಾಗುವುದಿಲ್ಲ, ಅಂಟೂ ಬಿಡುವುದಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತಲೇ ಕೇಳಿ, ಬೆಳಕು ಹಗಲಿನ ಹಾಗಿರುತ್ತದೆ, ಮೀನಿನ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಸ್ಟ್ರಿಪ್ ಮೇಲೆ ಮೂರು ಮೂರು ಎಲ್‌ಇಡಿಗೆ ಒಂದು ಕತ್ತರಿ ಗುರುತು, ಅದರ ಎರಡೂ ಬದಿಗೆ ತಾಮ್ರದ ಚುಕ್ಕೆ ಇರುತ್ತದೆ, ಅಲ್ಲೇ ಕತ್ತರಿಸಬೇಕು. ಬೇರೆ ಕಡೆ ಕತ್ತರಿಸಿದರೆ ಆ ಮೂರು ಎಲ್‌ಇಡಿ ಉರಿಯುವುದೇ ಇಲ್ಲ. ಮೀಟರಿಗೆ 60 ಎಲ್‌ಇಡಿ ಇರುವ 5050 (ಎಲ್‌ಇಡಿಯ ಅಳತೆಯ ಸಂಖ್ಯೆ) ಸ್ಟ್ರಿಪ್ ಮೀಟರಿಗೆ ಸುಮಾರು 1.2 ಆಂಪಿಯರ್ ಎಳೆಯುತ್ತದೆ, ಎರಡಡಿಯ ಎರಡು ಸಾಲಿಗೆ 2 ಆಂಪಿಯರ್ ಅಡಾಪ್ಟರ್ ಸಾಕು. ಅಡಾಪ್ಟರನ್ನು ತೊಟ್ಟಿಯ ಮೇಲೆ ಮಾತ್ರ ಇಡಬೇಡಿ, ವೈರ್ ಪ್ಲಗ್‌ಗಿಂತ ಕೆಳಗೆ ಇಳಿದು ಆಮೇಲೆ ಮೇಲೆ ಹೋಗುವ ಹಾಗಿರಲಿ, ಇಲ್ಲದಿದ್ದರೆ ನೀರು ಅದನ್ನೇ ಹಿಡಿದು ಸೀದಾ ಬೋರ್ಡಿಗೆ ಹೋಗುತ್ತದೆ. ನಮ್ಮ ಮುಂಬಯಿ ಮಳೆಗಾಲದಲ್ಲಿ ತೇವ ಜಾಸ್ತಿ ಅಲ್ವಾ, ಸಿಲಿಕಾನ್ ಹೊದಿಕೆ ಇರುವ ಸ್ಟ್ರಿಪ್ಪೇ ತಗೊಳ್ಳಿ. ಕತ್ತರಿಸಿದ ತುದಿಗಳಿಗೂ ಸಿಲಿಕಾನ್ ಹಚ್ಚಿ ಮುಚ್ಚಿ, ಬಿಟ್ಟರೆ ತಾಮ್ರ ಹಸಿರುಗಟ್ಟುತ್ತದೆ. ಜಾವಾ ಫರ್ನ್, ಅನುಬಿಯಾಸ್ ಥರದ ಗಿಡಗಳಿಗೆ ಇಷ್ಟು ಬೆಳಕು ಸಾಕು. ಒಂದೂವರೆ ಅಡಿಗಿಂತ ಆಳದ ತೊಟ್ಟಿಗೆ, ಕೆಂಪು ಎಲೆಯ ಗಿಡಗಳಿಗೆ ಇದು ಆಗುವುದಿಲ್ಲ. ದಿನಕ್ಕೆ 6ರಿಂದ 8 ಗಂಟೆ ಹಾಕಿ, ಸುಮ್ನೆ ರಾತ್ರಿಯೆಲ್ಲ ಉರಿಸಿದರೆ ಗಾಜಿಗೆಲ್ಲ ಪಾಚಿ ಕಟ್ಟುತ್ತದೆ.